ಪ್ರಯೋಗಾಲಯದ ಅಳತೆ, ನಿಖರತೆ, ಸಾರ್ಥಕ ಅಂಕಿಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಲ್ಯಾಬ್ ರೆಕಾರ್ಡ್ ತಿದ್ದುವಾಗ ನನ್ನ ಕೆಂಪು ಶಾಯಿ ಹೆಚ್ಚು ಖರ್ಚಾಗುವುದು ಉತ್ತರಗಳ ಬಾಲಕ್ಕೆ. ಸೂತ್ರ ಸರಿ, ಲೆಕ್ಕ ಸರಿ, ಕೊನೆಗೆ 9.7614926 ಎಂದು ಕ್ಯಾಲ್ಕ್ಯುಲೇಟರ್ ತೋರಿಸಿದ್ದೆಲ್ಲ ಹಾಗೇ ಇಳಿದುಬಂದಿರುತ್ತದೆ. ಆ ಬಾಲವನ್ನು ಎಲ್ಲಿ ಕತ್ತರಿಸಬೇಕು, ಯಾಕೆ ಕತ್ತರಿಸಬೇಕು ಎಂದು ವಿದ್ಯಾರ್ಥಿಗಳು ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟುಮಾಡಿದ್ದೇನೆ. ಕೆಲವಕ್ಕೆ ಎರಡು ಸಾಲು ಸಾಕು. ಕೆಲವನ್ನು ಅಷ್ಟಕ್ಕೇ ಬಿಡಲು ಮನಸ್ಸಾಗಲಿಲ್ಲ.

ಸಾರ್ಥಕ ಅಂಕಿ ಎಂದರೆ ನಿಜಕ್ಕೂ ಏನು?

ಮಿಲಿಮೀಟರ್ ಗೆರೆಗಳಿರುವ ಸ್ಕೇಲಿನಲ್ಲಿ ಒಂದು ಸರಳಿನ ಉದ್ದ ನೋಡುತ್ತಿದ್ದೀರಿ ಎನ್ನಿ. ತುದಿ 12.4 ಸೆಂ.ಮೀ. ಗೆರೆಯನ್ನು ದಾಟಿದೆ, 12.5ಕ್ಕೆ ಮುಟ್ಟಿಲ್ಲ. ಇಲ್ಲಿಯವರೆಗೆ ಅನುಮಾನವಿಲ್ಲ. ಎರಡು ಗೆರೆಗಳ ನಡುವೆ ತುದಿ ಎಲ್ಲಿದೆ ಎಂದು ಕಣ್ಣಳತೆಯಲ್ಲಿ ಅಂದಾಜು ಮಾಡಿ 12.43 ಎಂದು ಬರೆಯುತ್ತೀರಿ. ಪಕ್ಕದಲ್ಲಿರುವವರು 12.44 ಎಂದಾರು, 12.42 ಎಂದಾರು. ಜಗಳವಿಲ್ಲದ ಅಂಕಿಗಳು ಮೂರು, ಜಗಳಕ್ಕೆ ಬಿದ್ದ ಮೊದಲ ಅಂಕಿ ಒಂದು, ಒಟ್ಟು ನಾಲ್ಕು ಸಾರ್ಥಕ ಅಂಕಿಗಳು. ಅದರಾಚೆ ಐದನೆಯದನ್ನು ಬರೆದರೆ ಅದು ಅಳೆದದ್ದಾಗುವುದಿಲ್ಲ, ಕಟ್ಟಿದ್ದಾಗುತ್ತದೆ.

ಒಂದು ಅಂಕಿ ಹೆಚ್ಚುಕಡಿಮೆಯಾದರೆ ಅಂಥ ನಷ್ಟವೇನು?

ಒಂದು ಮೂಲವಸ್ತುವೇ ಕೈತಪ್ಪಬಹುದು. 1890ರ ದಶಕದ ಆರಂಭದಲ್ಲಿ ಭೌತವಿಜ್ಞಾನಿ ಲಾರ್ಡ್ ರೇಲಿ ಸಾರಜನಕದ ಸಾಂದ್ರತೆ ಅಳೆಯುತ್ತಿದ್ದರು. ಗಾಳಿಯಿಂದ ಆಮ್ಲಜನಕ ಮುಂತಾದವನ್ನು ತೆಗೆದುಹಾಕಿ ಉಳಿದ ಅನಿಲವನ್ನು ಒಂದು ಗಾಜಿನ ಬುರುಡೆಗೆ ತುಂಬಿ ತೂಗಿದರೆ ಸುಮಾರು 2.310 ಗ್ರಾಂ ಬರುತ್ತಿತ್ತು. ರಾಸಾಯನಿಕಗಳಿಂದ ತಯಾರಿಸಿದ ಸಾರಜನಕವನ್ನು ಅದೇ ಬುರುಡೆಗೆ, ಅದೇ ಉಷ್ಣತೆ ಮತ್ತು ಒತ್ತಡದಲ್ಲಿ ತುಂಬಿದರೆ ಸುಮಾರು 2.299 ಗ್ರಾಂ. ಎರಡಕ್ಕೂ ಇದ್ದ ಅಂತರ ಬರೀ 11 ಮಿಲಿಗ್ರಾಂ, ಶೇಕಡಾ ಅರ್ಧ.

ಎರಡೇ ಅಂಕಿಗೆ ನಿಲ್ಲಿಸಿ ನೋಡಿ: 2.3, 2.3. ಏನೂ ಕಾಣಿಸುವುದಿಲ್ಲ. ಮೂರು ಅಂಕಿಗೆ ಬಂದರೆ 2.31, 2.30. ಇಲ್ಲಿ ಏನೋ ಕೆರೆಯುತ್ತದೆ, ಆದರೆ ಕೈತಪ್ಪು ಎಂದು ತಳ್ಳಿಹಾಕಬಹುದು. ರೇಲಿ ಹಾಗೆ ತಳ್ಳಿಹಾಕದೆ ಇದ್ದದ್ದಕ್ಕೆ ಕಾರಣವಿತ್ತು. ಒಂದೇ ಮೂಲದ ಅನಿಲವನ್ನು ಮತ್ತೆ ಮತ್ತೆ ತೂಗಿದಾಗ ಬರುತ್ತಿದ್ದ ಏರುಪೇರು 11 ಮಿಲಿಗ್ರಾಂಗಿಂತ ಬಹಳ ಕಡಿಮೆಯಿತ್ತು. ತನ್ನ ಮೂರನೆಯ, ನಾಲ್ಕನೆಯ ಅಂಕಿಗಳನ್ನು ಎಷ್ಟು ನಂಬಬಹುದು ಎಂಬುದು ಅವರಿಗೆ ಗೊತ್ತಿತ್ತು. ಗಾಳಿಯ ಸಾರಜನಕದಲ್ಲಿ ಬೇರೇನೋ ಭಾರವಾದದ್ದು ಸೇರಿಕೊಂಡಿದೆ ಎಂದು ಹುಡುಕುತ್ತ ಹೋದ ರೇಲಿ ಮತ್ತು ವಿಲಿಯಂ ರಾಮ್ಸೆ 1894ರಲ್ಲಿ ಆರ್ಗಾನ್ ಅನಿಲವನ್ನು ಪ್ರಕಟಿಸಿದರು. ಗಾಳಿಯಲ್ಲಿ ಅದು ಶೇಕಡಾ ಒಂದಕ್ಕಿಂತ ಸ್ವಲ್ಪವೇ ಕಡಿಮೆ ಇದೆ, ಎಲ್ಲರ ಮೂಗಿನೊಳಗೂ ಹೋಗಿಬರುತ್ತಿತ್ತು. 1904ರಲ್ಲಿ ರೇಲಿಗೆ ಭೌತವಿಜ್ಞಾನದ, ರಾಮ್ಸೆಗೆ ರಸಾಯನವಿಜ್ಞಾನದ ನೊಬೆಲ್ ಬಂತು.

ನಿಖರತೆ, ಯಥಾರ್ಥತೆ: ಎರಡೂ ಒಂದೇ ಅಲ್ಲವೇ?

ಕನ್ನಡದಲ್ಲಿ ಈ ಗೊಂದಲ ಸ್ವಲ್ಪ ಹೆಚ್ಚೇ. ಪ್ರಿಸಿಷನ್, ಆಕ್ಯುರಸಿ ಎರಡಕ್ಕೂ ‘ನಿಖರತೆ’ ಎಂದೇ ಬರೆಯುವವರಿದ್ದಾರೆ. ನಾನು ಇಲ್ಲಿ ಹೀಗೆ ಬಳಸುತ್ತೇನೆ: ಮತ್ತೆ ಮತ್ತೆ ಅಳೆದಾಗ ರೀಡಿಂಗ್‌ಗಳು ಒಂದಕ್ಕೊಂದು ಎಷ್ಟು ಹತ್ತಿರ ಬರುತ್ತವೆ ಎಂಬುದು ನಿಖರತೆ. ಅವು ನಿಜವಾದ ಬೆಲೆಗೆ ಎಷ್ಟು ಹತ್ತಿರ ಇವೆ ಎಂಬುದು ಯಥಾರ್ಥತೆ. ಮೊದಲನೆಯದನ್ನು ನಿಮ್ಮ ರೀಡಿಂಗ್‌ಗಳೇ ಹೇಳುತ್ತವೆ. ಎರಡನೆಯದನ್ನು ಅವು ಹೇಳಲಾರವು.

ಎಣ್ಣೆಯ ಪುಟ್ಟ ಹನಿಗಳ ಚಲನೆ ನೋಡಿ ಎಲೆಕ್ಟ್ರಾನಿನ ವಿದ್ಯುದಂಶ ಅಳೆದ ಭೌತವಿಜ್ಞಾನಿ ಮಿಲಿಕನ್ ಅವರ ಪ್ರಯೋಗ ಇದಕ್ಕೆ ಒಳ್ಳೆಯ ಸಾಕ್ಷಿ. 1913ರಲ್ಲಿ ಅವರು ಎಲೆಕ್ಟ್ರಾನಿನ ವಿದ್ಯುದಂಶಕ್ಕೆ ಕೊಟ್ಟ ಬೆಲೆ ಇಂದಿನ ಮಾನದಲ್ಲಿ ಸುಮಾರು 1.592 × 10⁻¹⁹ ಕೂಲಾಂ. ದೋಷ ಶೇಕಡಾ 0.2ರ ಆಸುಪಾಸಿನಲ್ಲಿದೆ ಎಂಬುದು ಅವರ ಅಂದಾಜು. ಇಂದು ನಾವು ಒಪ್ಪಿರುವುದು 1.602 × 10⁻¹⁹. ಅಂತರ ಶೇಕಡಾ 0.6, ಅವರು ಹೇಳಿದ್ದರ ಮೂರು ಪಟ್ಟು. ಹನಿಗಳನ್ನು ನೋಡಿದ್ದರಲ್ಲಿ ದೊಡ್ಡ ತಪ್ಪಿರಲಿಲ್ಲ. ಲೆಕ್ಕಕ್ಕೆ ಬಳಸಿದ ಗಾಳಿಯ ಸ್ನಿಗ್ಧತೆಯ (ಹರಿವಿಗೆ ಅದು ಒಡ್ಡುವ ತಡೆಯ) ಬೆಲೆ ತುಸು ಕಡಿಮೆಯಿತ್ತು. ಅಂಥ ತಪ್ಪು ಎಲ್ಲ ಹನಿಗಳನ್ನೂ ಒಂದೇ ದಿಕ್ಕಿಗೆ ಎಳೆಯುತ್ತದೆ. ಸಾವಿರ ಹನಿ ನೋಡಿದರೂ ಸರಾಸರಿಯಲ್ಲಿ ಅದು ಕರಗುವುದಿಲ್ಲ.

ತಂತಿಯ ದಪ್ಪದಂಥ ಸಣ್ಣ ಅಳತೆಗೆ ಬಳಸುವ ಸ್ಕ್ರೂ ಗೇಜಿನ ಸೊನ್ನೆ ಸರಿಯಿಲ್ಲದಿದ್ದರೆ ಅದು ಮಾಡುವುದೂ ಇದನ್ನೇ. ಹತ್ತು ಸಲ ಅಳೆದು ಹತ್ತೂ ಹೊಂದಿಕೊಂಡವು ಎಂದು ಬೀಗುವ ಮುನ್ನ ಖಾಲಿ ಗೇಜನ್ನು ಮುಚ್ಚಿ ಒಮ್ಮೆ ನೋಡಿ.

ಸೊನ್ನೆಗಳನ್ನು ಎಣಿಸುವುದು ಹೇಗೆ?

ಮುಂದಿನ ಸೊನ್ನೆಗಳು ಲೆಕ್ಕಕ್ಕಿಲ್ಲ: 0.0042ರಲ್ಲಿ ಎರಡೇ ಸಾರ್ಥಕ ಅಂಕಿ. ನಡುವಿನವು ಲೆಕ್ಕಕ್ಕಿವೆ: 4.002ರಲ್ಲಿ ನಾಲ್ಕು. ದಶಮಾಂಶ ಬಿಂದುವಿನ ನಂತರ ಕೊನೆಗೆ ಬರುವವೂ ಇವೆ: 4.20ರಲ್ಲಿ ಮೂರು. ತಕರಾರು ಬರುವುದು 1500ರಂಥ ಸಂಖ್ಯೆಗೆ. ಆ ಎರಡು ಸೊನ್ನೆಗಳು ಅಳೆದು ಬಂದವೋ, ಸ್ಥಾನ ತುಂಬಲು ಕೂತವೋ ನೋಡಿದವರಿಗೆ ತಿಳಿಯುವುದಿಲ್ಲ. 1.5 × 10³ ಅಥವಾ 1.500 × 10³ ಎಂದು ಬರೆದುಬಿಟ್ಟರೆ ವಾದವೇ ಇರುವುದಿಲ್ಲ.

ಯಾವ ಉಪಕರಣದಲ್ಲಿ ಎಷ್ಟು ಅಂಕಿಯವರೆಗೆ ಓದಬೇಕು?

ಗೆರೆಗಳಿರುವ ಉಪಕರಣದಲ್ಲಿ ಅತಿ ಚಿಕ್ಕ ಗೆರೆಗಿಂತ ಒಂದು ಸ್ಥಾನ ಮುಂದೆ ಅಂದಾಜು ಮಾಡಿ. 50 ಮಿ.ಲೀ. ಬ್ಯುರೆಟ್ಟಿನಲ್ಲಿ (ದ್ರಾವಣವನ್ನು ಅಳೆದು ಬಿಡುವ, ನಲ್ಲಿಯಿರುವ ಗಾಜಿನ ಕೊಳವೆಯಲ್ಲಿ) ಗೆರೆಗಳು 0.1 ಮಿ.ಲೀ.ಗೆ ಒಂದರಂತೆ ಇರುತ್ತವೆ. ಆದ್ದರಿಂದ 24.3 ಎಂದು ನಿಲ್ಲಿಸಿದರೆ ಕೈಗೆ ಬಂದದ್ದನ್ನು ಬಿಟ್ಟಂತೆ. 24.35 ಎಂದು ಬರೆಯಬೇಕು, ಗೆರೆಯ ಮೇಲೇ ನಿಂತಿದ್ದರೆ 24.30 ಎಂದು. ಆ ಕೊನೆಯ ಸೊನ್ನೆಯನ್ನು ಬಿಡುವವರೇ ಹೆಚ್ಚು. ಅದು ಅಲಂಕಾರಕ್ಕಿಲ್ಲ, ಗೆರೆಗಳ ನಡುವೆಯೂ ನೋಡಿದೆ, ಅಲ್ಲಿ ಏನೂ ಇರಲಿಲ್ಲ ಎಂದು ಅದು ಹೇಳುತ್ತದೆ. ಮೆನಿಸ್ಕಸ್ಸಿನ (ದ್ರವದ ಬಾಗಿದ ಮೇಲ್ಮೈಯ) ತಳಭಾಗವನ್ನು ಕಣ್ಣಿನ ಮಟ್ಟದಲ್ಲಿಟ್ಟು ಓದಿ. ಪರ್ಮ್ಯಾಂಗನೇಟಿನಂಥ ಗಾಢ ಬಣ್ಣದ ದ್ರಾವಣದಲ್ಲಿ ತಳಭಾಗ ಕಾಣುವುದಿಲ್ಲವಾದ್ದರಿಂದ ಮೇಲಂಚನ್ನೇ ಓದುವ ರೂಢಿ ಇದೆ. ಮೊದಲ ರೀಡಿಂಗನ್ನೂ ಕೊನೆಯದನ್ನೂ ಒಂದೇ ಅಂಚಿನಲ್ಲಿ ಓದಿದರೆ ಕಳೆದಾಗ ಸರಿಹೋಗುತ್ತದೆ.

ವರ್ನಿಯರ್ ಕ್ಯಾಲಿಪರ್ಸಿನಲ್ಲಿ ಮಾತ್ರ ಕಣ್ಣಳತೆಯ ಅಂದಾಜು ಬೇಡ. ಆ ಅಂದಾಜಿನ ಕೆಲಸವನ್ನು ವರ್ನಿಯರ್ ಮಾಪಕವೇ ಮಾಡಿಕೊಡುತ್ತದೆ. ಪಿಯೆರ್ ವರ್ನಿಯರ್ 1631ರಲ್ಲಿ ಅದನ್ನು ವಿವರಿಸಿದ್ದೇ ಆ ಕಾರಣಕ್ಕೆ. ಲೀಸ್ಟ್ ಕೌಂಟ್ (ಉಪಕರಣ ಅಳೆಯಬಲ್ಲ ಅತಿ ಚಿಕ್ಕ ಬೆಲೆ) 0.01 ಸೆಂ.ಮೀ. ಆಗಿದ್ದರೆ 2.37 ಎಂದು ಬರೆದು ಮುಗಿಸಿ.

ಡಿಜಿಟಲ್ ಬ್ಯಾಲೆನ್ಸ್ ನಾಲ್ಕು ದಶಮಾಂಶ ತೋರಿಸುತ್ತದೆ. ನಾಲ್ಕನ್ನೂ ನಂಬಲೇ?

ಬರೆಯಿರಿ, ಆದರೆ ಪೂರ್ತಿ ನಂಬಬೇಡಿ. ತೆರೆಯ ಮೇಲೆ ಅಂಕಿ ಮೂಡುವುದು ಬೇರೆ, ಆ ಅಂಕಿಗೆ ಅರ್ಥವಿರುವುದು ಬೇರೆ. ಬಿಸಿ ಕ್ರೂಸಿಬಲ್ (ವಸ್ತುಗಳನ್ನು ಕಾಯಿಸುವ ಪುಟ್ಟ ಬಟ್ಟಲು) ತೂಗಿ ನೋಡಿ: ಸುತ್ತಲಿನ ಗಾಳಿ ಕಾದು ಮೇಲೇಳುತ್ತದೆ, ತಟ್ಟೆಯನ್ನೂ ತುಸು ಎತ್ತುತ್ತದೆ, ತೂಕ ಕಡಿಮೆ ತೋರಿಸುತ್ತದೆ. ಬ್ಯಾಲೆನ್ಸಿನ ಬಾಗಿಲು ತೆರೆದಿಟ್ಟರೆ ನಾಲ್ಕನೆಯ ಅಂಕಿ ಕುಣಿಯುತ್ತಲೇ ಇರುತ್ತದೆ. ಬೆರಳಿನ ಜಿಡ್ಡೂ ಅಲ್ಲಿಗೆ ಮುಟ್ಟುತ್ತದೆ.

ಸ್ಟಾಪ್‌ವಾಚ್ ಇನ್ನೂ ದೊಡ್ಡ ಮೋಸಗಾರ. ಅದು ಸೆಕೆಂಡಿನ ನೂರನೇ ಒಂದು ಭಾಗ ತೋರಿಸುತ್ತದೆ, ಆದರೆ ಕಂಡದ್ದಕ್ಕೆ ಬೆರಳು ಸ್ಪಂದಿಸಲು ಸುಮಾರು 0.2 ಸೆಕೆಂಡ್ ಬೇಕು. ಲೋಲಕದ ಒಂದೇ ಆಂದೋಲನ ಅಳೆಯದೆ ಇಪ್ಪತ್ತನ್ನು ಎಣಿಸುವುದು ಈ ಕಾರಣಕ್ಕೇ. ಬೆರಳಿನ ದೋಷ ಅಷ್ಟೇ ಇರುತ್ತದೆ, ಇಪ್ಪತ್ತರಿಂದ ಭಾಗಿಸಿದಾಗ ಒಂದು ಆಂದೋಲನಕ್ಕೆ 0.01 ಸೆಕೆಂಡ್ ಪಾಲು ಬರುತ್ತದೆ.

ಕೂಡುವಾಗ ಒಂದು ನಿಯಮ, ಗುಣಿಸುವಾಗ ಇನ್ನೊಂದು. ಯಾಕೆ?

ಕೂಡಿ ಕಳೆಯುವಾಗ ನೋಡಬೇಕಾದ್ದು ದಶಮಾಂಶ ಸ್ಥಾನ: 12.1 ಮತ್ತು 0.347 ಕೂಡಿದರೆ 12.4. ಹತ್ತನೇ ಸ್ಥಾನದಲ್ಲೇ ಅನುಮಾನವಿರುವ ಸಂಖ್ಯೆಗೆ ಸಾವಿರನೇ ಸ್ಥಾನವನ್ನು ಸೇರಿಸಿ ಫಲವಿಲ್ಲ. ಗುಣಿಸಿ ಭಾಗಿಸುವಾಗ ದೋಷ ಸಾಗುವುದು ಶೇಕಡಾವಾರು ಲೆಕ್ಕದಲ್ಲಿ. ಸಾರ್ಥಕ ಅಂಕಿಗಳ ಎಣಿಕೆ ಆ ಶೇಕಡಾವಾರಿನ ಒರಟು ರೂಪ. ಆದ್ದರಿಂದ ಕಡಿಮೆ ಅಂಕಿ ಇರುವ ಸಂಖ್ಯೆ ಉತ್ತರವನ್ನು ಹಿಡಿದು ನಿಲ್ಲಿಸುತ್ತದೆ.

ಹುಷಾರಾಗಿರಬೇಕಾದ್ದು ಕಳೆಯುವಾಗ. ಥರ್ಮಾಮೀಟರ್ 25.31 ತೋರಿಸಿತ್ತು, ಮೊದಲು 25.12 ಇತ್ತು. ಎರಡರಲ್ಲೂ ನಾಲ್ಕು ಸಾರ್ಥಕ ಅಂಕಿಗಳು. ವ್ಯತ್ಯಾಸ 0.19, ಎರಡೇ ಅಂಕಿ. ಇದನ್ನು ಗುಣಿಸಿ ಉಷ್ಣದ ಲೆಕ್ಕ ಮಾಡಿದರೆ ಉತ್ತರ ಎರಡು ಅಂಕಿಗಿಂತ ಮೇಲೇರುವುದಿಲ್ಲ, ಉಳಿದ ಉಪಕರಣಗಳು ಎಷ್ಟೇ ಒಳ್ಳೆಯವಾಗಿದ್ದರೂ. ಉಷ್ಣತೆ ಹೆಚ್ಚು ಏರುವಂತೆ ಪ್ರಯೋಗವನ್ನೇ ಬದಲಿಸುವುದು ಇದಕ್ಕಿರುವ ಮದ್ದು.

ರೌಂಡ್ ಮಾಡುವುದು ಪ್ರತಿ ಹೆಜ್ಜೆಗೋ, ಕೊನೆಗೋ?

ಕೊನೆಗೆ. ಒಂದು ಲೆಕ್ಕದಿಂದಲೇ ತೋರಿಸುತ್ತೇನೆ. ಸರಳ ಲೋಲಕದ ಉದ್ದ 0.994 ಮೀಟರ್, 20 ಆಂದೋಲನಕ್ಕೆ 40.1 ಸೆಕೆಂಡ್. ಆವರ್ತಕಾಲ 2.005 ಸೆಕೆಂಡ್. ಹಾಗೇ ಇಟ್ಟುಕೊಂಡು ಗುರುತ್ವ ವೇಗೋತ್ಕರ್ಷ ಲೆಕ್ಕ ಹಾಕಿದರೆ 9.76 ಬರುತ್ತದೆ. ಆವರ್ತಕಾಲವನ್ನು ಮೂರು ಅಂಕಿಗೆ ಮೊದಲೇ ರೌಂಡ್ ಮಾಡಿ 2.01 ಎಂದುಕೊಂಡವರಿಗೆ 9.71. ಅದನ್ನೇ 2.00 ಎಂದುಕೊಂಡವರಿಗೆ 9.81. ಅಳತೆ ಒಂದೇ, ಉತ್ತರ ಮೂರು. ನೋಡಿ, ಮೂರನೆಯವರಿಗೆ ಪುಸ್ತಕದ ಉತ್ತರವೇ ಸಿಕ್ಕಿಬಿಟ್ಟಿತು, ಪೂರ್ಣ ಅಂಕವೂ ಸಿಕ್ಕೀತು. ಆ 9.81 ಬಂದದ್ದು ಲೋಲಕದಿಂದಲ್ಲ, ನಡುವೆ ಕತ್ತರಿಸಿದ್ದರಿಂದ.

ನಡುವಿನ ಹೆಜ್ಜೆಗಳಲ್ಲಿ ಒಂದೆರಡು ಅಂಕಿ ಹೆಚ್ಚಿಗೆ ಹೊತ್ತುಕೊಂಡು ಹೋಗಿ. ಕ್ಯಾಲ್ಕ್ಯುಲೇಟರಿನ ಮೆಮೊರಿಯಲ್ಲೇ ಇಟ್ಟುಕೊಂಡರೆ ಇನ್ನೂ ಒಳ್ಳೆಯದು.

ಕೊನೆಯಲ್ಲಿ 5 ಬಂದರೆ?

ಸರಿಯಾಗಿ 5ಕ್ಕೇ ಮುಗಿದಿದ್ದರೆ ಹಿಂದಿನ ಅಂಕಿ ಸಮವಾಗುವಂತೆ ಮಾಡುವುದು ಪ್ರಯೋಗಾಲಯಗಳಲ್ಲಿ ಬಳಕೆಯಲ್ಲಿರುವ ಪದ್ಧತಿ: 2.345 ಆಗುತ್ತದೆ 2.34, 2.335 ಕೂಡ 2.34. ಯಾವಾಗಲೂ ಮೇಲಕ್ಕೇ ತಳ್ಳಿದರೆ ದೊಡ್ಡ ಪಟ್ಟಿಯ ಸರಾಸರಿ ಮೆಲ್ಲಗೆ ಮೇಲಕ್ಕೆ ಜಾರುತ್ತದೆ. 5ರ ನಂತರ ಏನಾದರೂ ಇದ್ದರೆ ಯೋಚನೆಯೇ ಬೇಡ, 2.3451 ಎಂದರೆ 2.35. ಎರಡು ಕಂತಿನಲ್ಲಿ ಮಾತ್ರ ರೌಂಡ್ ಮಾಡಬೇಡಿ. 2.3449 ಅನ್ನು ಮೊದಲು 2.345 ಮಾಡಿ, ಆಮೇಲೆ 2.35ಕ್ಕೆ ಏರಿಸಿದ ರೆಕಾರ್ಡುಗಳನ್ನು ನೋಡಿದ್ದೇನೆ.

ಪೈ, 2, ಬೆಳಕಿನ ವೇಗ: ಇವುಗಳಲ್ಲಿ ಎಷ್ಟು ಸಾರ್ಥಕ ಅಂಕಿ?

ಎಣಿಸಿ ಬಂದ ಸಂಖ್ಯೆಗೆ, ಸೂತ್ರದೊಳಗಿನ 2ಕ್ಕೆ, ಒಪ್ಪಂದದಿಂದ ನಿಗದಿಯಾದದ್ದಕ್ಕೆ ಈ ಪ್ರಶ್ನೆ ಅನ್ವಯಿಸುವುದಿಲ್ಲ. 20 ಆಂದೋಲನ ಎಂದರೆ ಇಪ್ಪತ್ತೇ. ಬೆಳಕಿನ ವೇಗ 1983ರಿಂದ 299792458 ಮೀಟರ್ ಪ್ರತಿ ಸೆಕೆಂಡಿಗೆ ಎಂದು ನಿಗದಿಯಾಗಿದೆ. 2019ರ ಮೇ 20ರಿಂದ ಅವೊಗಾಡ್ರೊ ಸಂಖ್ಯೆಯೂ 6.02214076 × 10²³ ಎಂದು ಸ್ಥಿರವಾಗಿದೆ. ಎಲೆಕ್ಟ್ರಾನಿನ ವಿದ್ಯುದಂಶವನ್ನೂ ಅದೇ ದಿನ ಗಟ್ಟಿಮಾಡಿದರು, ಮಿಲಿಕನ್ ತಲೆನೋವು ಈಗಿಲ್ಲ. ಪೈಗೆ ಕ್ಯಾಲ್ಕ್ಯುಲೇಟರಿನ ಗುಂಡಿ ಒತ್ತಿ. 3.14 ಎಂದು ಬರೆದು ನಿಮ್ಮ ನಾಲ್ಕಂಕಿ ಅಳತೆಯನ್ನು ನೀವೇ ಕೆಡಿಸಿಕೊಳ್ಳಬೇಡಿ.

ಗುರುತ್ವ ನಿಯತಾಂಕ (G) ಮಾತ್ರ ಇನ್ನೂ ಅಳೆಯುತ್ತಲೇ ಇರಬೇಕಾದದ್ದು. 6.67430 × 10⁻¹¹ ಎಂದು ಕೊಟ್ಟಿರುವ ಬೆಲೆಯ ಕೊನೆಯ ಎರಡು ಅಂಕಿಗಳಲ್ಲಿ 15ರಷ್ಟು ಅನಿಶ್ಚಿತತೆ ಇದೆ. ಪ್ರಕೃತಿಯ ಮೂಲ ನಿಯತಾಂಕಗಳಲ್ಲಿ ನಮಗೆ ತೀರ ಕಡಿಮೆ ಅಂಕಿ ಗೊತ್ತಿರುವುದು ಇದರದ್ದೇ ಎನ್ನಬಹುದು.

ಪಿಎಚ್ 4.74 ಎಂದರೆ ಮೂರು ಸಾರ್ಥಕ ಅಂಕಿಯೇ?

ಅಲ್ಲ, ಎರಡು. ದ್ರಾವಣದ ಆಮ್ಲತೆ ತಿಳಿಸುವ ಪಿಎಚ್ ಲಾಗರಿದಮ್ಮಿನ ಲೆಕ್ಕ. ಬಿಂದುವಿನ ಹಿಂದಿನ 4 ಹತ್ತರ ಘಾತ ಯಾವುದೆಂದು ಮಾತ್ರ ಹೇಳುತ್ತದೆ. ಅಳತೆಯ ಮಾಹಿತಿ ಇರುವುದು ಬಿಂದುವಿನ ನಂತರ. ಹಾಗಾಗಿ 4.74ರಿಂದ ಹೈಡ್ರೋಜನ್ ಅಯಾನಿನ ಸಾರತೆ 1.8 × 10⁻⁵. ಪಿಎಚ್ ಮೀಟರ್ 4.7 ಎಂದಷ್ಟೇ ತೋರಿಸಿದರೆ 2 × 10⁻⁵ ಎಂದು ಬರೆದು ಸುಮ್ಮನಾಗಬೇಕು.

ಮಾನ ಬದಲಿಸಿದಾಗ ಅಂಕಿಗಳು ಹೆಚ್ಚುತ್ತವೆಯೇ?

ಹೆಚ್ಚಬಾರದು, ಆದರೆ ಜಗತ್ತಿನ ಅತಿ ಪ್ರಸಿದ್ಧ ಅಳತೆಯೊಂದರಲ್ಲಿ ಹೆಚ್ಚಿಬಿಟ್ಟಿದೆ. ಜರ್ಮನಿಯ ವೈದ್ಯ ವುಂಡರ್ಲಿಕ್ 1868ರಲ್ಲಿ ಆರೋಗ್ಯವಂತರ ಮೈಯುಷ್ಣತೆಯ ಸರಾಸರಿ 37 ಡಿಗ್ರಿ ಸೆಲ್ಸಿಯಸ್ ಎಂದು ಪ್ರಕಟಿಸಿದರು. ಅದನ್ನು ಫ್ಯಾರನ್‌ಹೀಟಿಗೆ ತಿರುಗಿಸಿದರೆ 98.6. ಎರಡು ಅಂಕಿಯ ದುಂಡು ಸಂಖ್ಯೆ ಇದ್ದಕ್ಕಿದ್ದಂತೆ ಮೂರು ಅಂಕಿಯದಾಯಿತು, 98.8 ಕಂಡರೆ ಮನೆಮಂದಿ ಗಾಬರಿಯಾಗುವಂತಾಯಿತು. 37 ಎಂದರೆ 36.5ರಿಂದ 37.5ರ ನಡುವೆ ಎಂದುಕೊಂಡರೆ ಫ್ಯಾರನ್‌ಹೀಟಿನಲ್ಲಿ ಅದು 97.7ರಿಂದ 99.5ರವರೆಗೆ ಹರಡಿಕೊಳ್ಳುತ್ತದೆ.

ಇದರ ಉಲ್ಟಾ ಕಥೆಯೂ ಇದೆ. 1856ರಲ್ಲಿ ಎವರೆಸ್ಟಿನ ಎತ್ತರ 29,002 ಅಡಿ ಎಂದು ಪ್ರಕಟವಾಯಿತು. ಲೆಕ್ಕದಲ್ಲಿ ಬಂದದ್ದು ಸರಿಯಾಗಿ 29,000 ಅಡಿ, ಆದರೆ ಅದನ್ನು ಜನ ಅಂದಾಜು ಎಂದುಕೊಂಡಾರು ಎಂದು ಎರಡು ಅಡಿ ಸೇರಿಸಿದರು ಎಂದು ಹೇಳುತ್ತಾರೆ. ನಿಜವೋ ಕಟ್ಟುಕಥೆಯೋ, 1500ರ ಸೊನ್ನೆಗಳ ತಕರಾರನ್ನು ಇದಕ್ಕಿಂತ ಚೆನ್ನಾಗಿ ನಾನು ಹೇಳಲಾರೆ.

± ಹಾಕಿದ ಮೇಲೆ ಅದರ ಮುಂದೆ ಎಷ್ಟು ಅಂಕಿ?

± ಎಂದರೆ ಉತ್ತರ ಇಷ್ಟು ಆಚೀಚೆ ಇರಬಹುದು ಎಂಬ ಗುರುತು. ಅದರ ಮುಂದೆ ಸಾಮಾನ್ಯವಾಗಿ ಒಂದು. ಮೊದಲ ಅಂಕಿ 1 ಆಗಿದ್ದರೆ ಎರಡು ಇಟ್ಟುಕೊಳ್ಳಬಹುದು. ಮುಖ್ಯ ಸಂಖ್ಯೆಯನ್ನೂ ಅದೇ ಸ್ಥಾನಕ್ಕೆ ನಿಲ್ಲಿಸಿ. ‘9.7615 ± 0.1’ ಎಂದು ಬರೆದರೆ ಮೊದಲ ದಶಮಾಂಶವೇ ಅಲ್ಲಾಡುತ್ತಿದೆ ಎಂದು ಒಪ್ಪಿಕೊಂಡು ನಾಲ್ಕನೆಯದನ್ನು ಆಣೆ ಮಾಡಿ ಹೇಳಿದ ಹಾಗೆ.

ಒಂದೇ ಅಂಕಿ ಯಾಕೆ ಸಾಕು ಎಂಬುದಕ್ಕೆ ಲೆಕ್ಕವೂ ಇದೆ. ಐದು ರೀಡಿಂಗ್‌ಗಳಿಂದ ಮಾನಕ ವಿಚಲನೆ (ಅವು ಸರಾಸರಿಯಿಂದ ಎಷ್ಟು ಚದುರಿವೆ ಎಂಬ ಅಳತೆ) ತೆಗೆದರೆ ಆ ವಿಚಲನೆಯಲ್ಲೇ ಸುಮಾರು ಶೇಕಡಾ 35ರಷ್ಟು ಅನಿಶ್ಚಿತತೆ ಇರುತ್ತದೆ. ಹತ್ತು ರೀಡಿಂಗ್‌ಗಳಾದರೆ ಶೇಕಡಾ 24. ಅದನ್ನು ಶೇಕಡಾ ಒಂದಕ್ಕೆ ಇಳಿಸಲು ಸುಮಾರು ಐದು ಸಾವಿರ ರೀಡಿಂಗ್ ಬೇಕು. ಹತ್ತೇ ಸಲ ಅಳೆದು ± 0.1137 ಎಂದು ಬರೆಯುವ ಧೈರ್ಯ ನನಗಂತೂ ಇಲ್ಲ.

ಸಾರ್ಥಕ ಅಂಕಿಗಳ ನಿಯಮ ಪಾಲಿಸಿದರೆ ಸಾಕಲ್ಲವೇ? ± ಲೆಕ್ಕ ಯಾಕೆ?

ಸಾಕಾಗುವುದಿಲ್ಲ. 1.0 ಮತ್ತು 9.9 ಎರಡೂ ಎರಡಂಕಿಯವು. ಕೊನೆಯ ಅಂಕಿಯಲ್ಲಿ ಒಂದು ಆಚೀಚೆಯಾದರೆ ಮೊದಲನೆಯದರಲ್ಲಿ ಶೇಕಡಾ 10 ದೋಷ, ಎರಡನೆಯದರಲ್ಲಿ ಶೇಕಡಾ 1. ಅಂಕಿ ಎಣಿಸುವ ನಿಯಮಕ್ಕೆ ಇವೆರಡೂ ಒಂದೇ ಹಾಗೆ ಕಾಣುತ್ತವೆ. ನಿಯಮವನ್ನು ವ್ಯಾಕರಣದಂತೆ ಬಾಯಿಪಾಠ ಮಾಡಿ, ಅದು ಯಾವುದರ ಸಂಕ್ಷೇಪ ಎಂಬುದನ್ನು ಮರೆತವರು ಸಿಕ್ಕಿಬೀಳುವುದು ಇಲ್ಲೇ.

ಮೇಲಿನ ಲೋಲಕಕ್ಕೇ ಬನ್ನಿ. ನಿಯಮದ ಪ್ರಕಾರ ಮೂರು ಅಂಕಿ, 9.76. ಈಗ ಬೆರಳಿನ 0.2 ಸೆಕೆಂಡನ್ನು ಲೆಕ್ಕಕ್ಕೆ ತನ್ನಿ. 40.1ರಲ್ಲಿ ಅದು ಶೇಕಡಾ 0.5. ಸೂತ್ರದಲ್ಲಿ ಕಾಲದ ವರ್ಗ ಇರುವುದರಿಂದ ದುಪ್ಪಟ್ಟಾಗಿ ಶೇಕಡಾ 1. ಉದ್ದದಲ್ಲಿ ಒಂದು ಮಿಲಿಮೀಟರ್ ತಪ್ಪಿದ್ದರೂ ಅದು ಶೇಕಡಾ 0.1, ಇದರ ಮುಂದೆ ನಗಣ್ಯ. ಆದ್ದರಿಂದ ಬರೆಯಬೇಕಾದದ್ದು 9.8 ± 0.1. ನಿಯಮ ಕೊಟ್ಟ ಮೂರನೆಯ ಅಂಕಿ ಉದಾರವಾಗಿ ಬಂದ ದಾನ. ಇನ್ನೊಂದು ಲಾಭವೆಂದರೆ, ಮುಂದಿನ ಸಲ ಏನು ಸುಧಾರಿಸಬೇಕು ಎಂಬುದು ಇದರಿಂದ ಗೊತ್ತಾಗುತ್ತದೆ: ಒಳ್ಳೆಯ ಸ್ಕೇಲ್ ತರುವುದು ವ್ಯರ್ಥ, ಇನ್ನೂ ಮೂವತ್ತು ಆಂದೋಲನ ಎಣಿಸುವುದು ಸಾರ್ಥಕ.

ಮಾಪನವನ್ನೇ ವೃತ್ತಿಯಾಗಿ ಮಾಡುವ ಪ್ರಯೋಗಾಲಯಗಳು ಅನಿಶ್ಚಿತತೆಯನ್ನು ಲೆಕ್ಕ ಹಾಕಿಯೇ ಕೊಡುತ್ತವೆ. ಅದಕ್ಕಾಗಿ 1993ರಲ್ಲಿ ಅಂತರರಾಷ್ಟ್ರೀಯ ಮಾರ್ಗದರ್ಶಿಯೂ ಬಂದಿದೆ. ಅಂಕಿ ಎಣಿಸುವ ನಿಯಮ ತರಗತಿಯ ಊರುಗೋಲು. ಊರುಗೋಲಾಗಿ ಚೆನ್ನಾಗಿಯೇ ಇದೆ.

ಸ್ಪ್ರೆಡ್‌ಶೀಟಿನಲ್ಲಿ 24.30 ಎಂದು ಹೊಡೆದರೆ 24.3 ಆಗಿಬಿಡುತ್ತದೆ.

ಆಗುತ್ತದೆ. ಯಂತ್ರಕ್ಕೆ ಎರಡೂ ಒಂದೇ. ಆ ಕಾಲಮ್ಮಿಗೆ ಎರಡು ದಶಮಾಂಶ ಎಂದು ಫಾರ್ಮ್ಯಾಟ್ ಹಾಕಿ. ಕಾಗದದ ಮೇಲಿನ ಮೂಲ ರೀಡಿಂಗ್ ಎಸೆಯಬೇಡಿ.

ಎಲ್ಲ ರೀಡಿಂಗ್‌ಗಳೂ ಒಂದು ದಶಮಾಂಶಕ್ಕೆ ಇವೆ. ಈಗ ಕೊನೆಗೊಂದು ಸೊನ್ನೆ ಸೇರಿಸಿದರೆ ನಡೆಯುತ್ತದೆಯೇ?

ರೆಕಾರ್ಡ್ ಸಲ್ಲಿಸುವ ಹಿಂದಿನ ರಾತ್ರಿ ಬರುವ ಪ್ರಶ್ನೆ ಇದು. ಬ್ಯುರೆಟ್ಟನ್ನು ತೊಳೆದಿಟ್ಟಾಗಿದೆ, ಆ ಎರಡನೆಯ ದಶಮಾಂಶವನ್ನು ಯಾರೂ ನೋಡಿಲ್ಲ. ಏಳು ರೀಡಿಂಗ್‌ಗಳೂ ಸೊನ್ನೆಗೇ ಮುಗಿದದ್ದನ್ನು ಕಂಡರೆ ತಿದ್ದುವವರಿಗೂ ಅದು ತಿಳಿಯುತ್ತದೆ. 24.3 ಎಂದೇ ಬಿಡಿ. ಒಂದು ಅಂಕಿ ಕಡಿಮೆ ಓದಿದ್ದೇನೆ ಎಂದು ಪಕ್ಕದಲ್ಲಿ ಬರೆಯಿರಿ. ಸಮಯವಿದ್ದರೆ ನಾಳೆ ಬೆಳಗ್ಗೆ ಒಂದು ಟೈಟ್ರೇಷನ್ (ಬ್ಯುರೆಟ್ಟಿನಿಂದ ದ್ರಾವಣ ಬಿಟ್ಟು ಅಳೆಯುವ ಪ್ರಯೋಗ) ಮತ್ತೆ ಮಾಡಿ.